ಮಡ್ಡಮನ ನೀರಡಿಕೆ

ಹಿತ್ತಲ ಅಂಕಣದಿಂದ ಹೊರಟ ಸಾಬೂನಿನ ನೀರು ಹೊಸ್ತಿಲು ದಾಟಿ, ಅಡಿಗೆಮನೆಯ ಮುಂದಿನ ಹಾಸುಗಲ್ಲಿನ ಮೇಲೆ ಹರಿದು, ನಾಗಪ್ಪನವರು ಲಿಂಗಪೂಜೆಗೆ ಕೂತಿದ್ದ ಮಣೆಯ ತನಕ ಬಂದೇ ಬಿಟ್ಟಿತು. ಸೊಸೆ ಇಂದುಬಾಯಿ ಮೊಳಕಾಲೂರಿ, ಹಳೆಯ ಧೋತರದ ತುಂಡು ಹಾಸಿ ಒಡ್ಡು ಕಟ್ಟಲು ನೋಡಿದಳು. ನೀರೇನು ಸೊಸೆಯ ಮಾತು ಕೇಳುತ್ತದೆಯೇ? ಒಡ್ಡಿನ ಪಕ್ಕದಿಂದ ಹಾಯ್ದು ಮಾವನವರ ಮಣೆಯನ್ನು ತೋಯಿಸಿತು.

"ಮಡ್ಡಮ ಮತ್ತ ಸೋರಾಕತ್ತಾಳ!" ಎಂದು ಅತ್ತೆ ಕಸ್ತೂರಬಾಯಿ ಅಡಿಗೆಮನೆಯಿಂದ ಕೂಗಿದರು.

ನಾಗಪ್ಪನವರು ತೋಯ್ದ ಮಣೆಯ ಮೇಲೇ ಪೂಜೆ ಮುಗಿಸಿದರು. ಮುಗಿದ ಮೇಲೆ ಒದ್ದೆಯಾದ ಧೋತರದ ಚುಂಗು ಹಿಂಡುತ್ತ ಎದ್ದರು.

"ಸಾಕಾತು ಇನ್ನ. ಮಂಗಳವಾರ ಮುಂಜಾನಿ ಹಳೀದೆಲ್ಲಾ ಕೊಳ್ಳೂ ಜೂನಾ ಸಾಮಾನಿನಾವ ಬರ್ತಾನ, ಅವಗ ಕೊಟ್ಟಬಿಡ್ರಿ. ಬೇಕಾದ್ರ ಒಯ್ದು ಒಲಿಗೆ ಹಾಕ್ಕೊಳ್ಳಲಿ."

ಇಂದುವಿನ ಕೈ ಅಲ್ಲೇ ನಿಂತಿತು. ಅಂದು ಶನಿವಾರ.

ಮಡ್ಡಮ ಎಂದರೆ ಹೆಂಗಸೇನಲ್ಲ, ಬಟ್ಟೆ ಒಗೆಯುವ ಮಶೀನು. ಬಟ್ಟೆ ಗಿರಣಿಯ ಬಿಳಿ ಸಾಹೇಬನೊಬ್ಬ ನೌಕರಿ ಮುಗಿಸಿ ವಿಲಾಯತಿಗೆ ಹೊರಟಾಗ ಬಂಗಲೆಯ ಸಾಮಾನೆಲ್ಲ ಹರಾಜಿಗೆ ಬಂದಿತ್ತು. ಸೊಲ್ಲಾಪುರದ ಪೇಟೆಯಲ್ಲಿ ಸೀರೆಯ ಅಂಗಡಿ ಇಟ್ಟಿದ್ದ ನಾಗಪ್ಪನವರು ಗೋಡೆ ಗಡಿಯಾರ ತರುತ್ತೇನೆಂದು ಹೋದವರು, ಗಡಿಯಾರ ಮತ್ತೊಬ್ಬರ ಪಾಲಾದ ಸಿಟ್ಟಿಗೆ ಇದನ್ನು ಗಾಡಿಯ ಮೇಲೆ ಹೇರಿಸಿಕೊಂಡು ಬಂದರು. ಸಾಗವಾನಿ ಹಲಗೆಗಳನ್ನು ಒತ್ತಾಗಿ ನಿಲ್ಲಿಸಿ, ಸುತ್ತಲೂ ಮೂರು ಕಬ್ಬಿಣದ ಪಟ್ಟಿ ಬಿಗಿದ ದುಂಡನೆಯ ತೊಟ್ಟಿ. ಮುಚ್ಚಳದ ಮೇಲಿನ ಹಿಡಿಕೆ ತಿರುವಿದರೆ ಒಳಗಿನ ಕಟ್ಟಿಗೆಯ ಕಾಲುಗಳು ಬಟ್ಟೆಯನ್ನು ಗಿರಗಿರ ಕಲಸಾಡುತ್ತಿದ್ದವು. ಅಂಚಿನಲ್ಲಿ ರಬ್ಬರಿನ ಎರಡು ಉರುಳೆ. ಅವುಗಳ ನಡುವೆ ಹಾಯಿಸಿದ ಬಟ್ಟೆ ಹಿಂಡಿಕೊಂಡು ಆಚೆ ಬರುತ್ತಿತ್ತು. ಬಿಳಿಯ ಹೆಂಗಸರನ್ನು ಮಡ್ಡಮ ಎನ್ನುವುದು ಆ ಕಡೆಯ ರೂಢಿ. ಅವರ ಮನೆಯಿಂದ ಬಂದದ್ದಕ್ಕೂ ಅದೇ ಹೆಸರು ಅಂಟಿತು.

ಬಂದ ಹೊಸದರಲ್ಲಿ ಮಡ್ಡಮ ಏನು ಕಡಿಮೆ ಆಟ ಆಡಿಸಿದಳೇ! ಮೊದಲ ದಿನ ಇಂದುವಿನ ಗಂಡ ಸಾತಲಿಂಗಪ್ಪನ ಕೋಟು ಉರುಳೆಗೆ ಸಿಕ್ಕು, ಗುಂಡಿಯೊಂದು ಪಟ್ಟನೆ ಸಿಡಿದು ಹೋಗಿ ಮಜ್ಜಿಗೆಯ ಗಡಿಗೆಯಲ್ಲಿ ಬಿತ್ತು. ಎರಡನೆಯ ಸಲ ಕೆಂಪು ಸೀರೆಯೊಂದು ಬಣ್ಣ ಬಿಟ್ಟು ನಾಗಪ್ಪನವರ ಬಿಳಿಯ ಧೋತರಗಳೆಲ್ಲ ಗುಲಾಬಿಯಾದವು. ಆ ಸೀರೆ ಅವರದೇ ಅಂಗಡಿಯದು. "ಪಕ್ಕಾ ಬಣ್ಣ, ಸತ್ತರೂ ಹೋಗಂಗಿಲ್ಲ" ಎಂದು ಅವರು ಆಣೆ ಮಾಡಿ ಮಾರುತ್ತಿದ್ದ ಮಾಲು. ಹಾಗಾಗಿ ಯಾರನ್ನೂ ಬೈಯುವಂತಿರಲಿಲ್ಲ, ಎಂಟು ದಿನ ಮದುವಣಿಗನ ಹಾಗೆ ಗುಲಾಬಿ ಧೋತರ ಉಟ್ಟೇ ಅಂಗಡಿಗೆ ಹೋದರು. ಗುಂಡಿಗಳನ್ನು ಒಳಗೆ ಮಡಚಿ ಉರುಳೆಗೆ ಕೊಡುವುದು, ಬಣ್ಣದ್ದನ್ನು ಬೇರೆ ಹಾಕುವುದು ಇವನ್ನೆಲ್ಲ ಇಂದು ಹದಿನೈದು ದಿನದಲ್ಲಿ ತಾನೇ ಕಲಿತಳು. ಕಲಿಯದೆ ಏನು ಮಾಡಿಯಾಳು? ಹದಿನಾಲ್ಕು ಮಂದಿಯ ಮನೆ. ಮುಂಜಾನೆ ಒಗೆಯುವ ಕಲ್ಲಿನ ಮುಂದೆ ನಿಂತರೆ ಬಿಸಿಲು ನೆತ್ತಿಗೆ ಬಂದು ಇಳಿಯುವ ತನಕ ಸೊಂಟ ಎತ್ತುವಂತಿರಲಿಲ್ಲ. ಮಡ್ಡಮ ಬಂದ ಮೇಲೆ ಅದೇ ಕೆಲಸ ಎರಡು ತಾಸಿನಲ್ಲಿ ಮುಗಿಯುತ್ತಿತ್ತು.

ಉಳಿದ ಹೊತ್ತಿಗೆ ಅವಳು ಅತ್ತೆಯ ಕಡೆಯಿಂದ ಒಂದು ಮಾತು ಪಡೆದಿದ್ದಳು. "ಮಡ್ಡಮ ನಿನ್ನ ಕೆಲಸಾ ಮಾಡೂ ತನಕ ನೀ ಮಧ್ಯಾನ್ನ ನೀಲಾಬಾಯಿ ಕಡೆ ಹೋಗು. ಮಡ್ಡಮ ನಿಂತಳಂದ್ರ ನಿನ್ನ ಸಾಲೀನೂ ನಿಂತಂಗ. ಮನಿ ಕೆಲಸ ಬಿಟ್ಟು ಪಾಟಿ ಹಿಡ್ಕೊಂಡು ಕೂಡಾಕ ನಾ ಒಪ್ಪಂಗಿಲ್ಲ." ನೀಲಾಬಾಯಿ ಹಿಂದಿನ ಓಣಿಯ ವಿಧವೆ; ಮಧ್ಯಾಹ್ನ ಐದಾರು ಹೆಂಗಸರನ್ನು ಕೂಡಿಸಿಕೊಂಡು ಕನ್ನಡ ಅಕ್ಷರ ಕಲಿಸುತ್ತಿದ್ದಳು.

ಇಂದುವಿಗೆ ಅಕ್ಷರದ ಹುಚ್ಚು ಸುಮ್ಮನೆ ಹತ್ತಿರಲಿಲ್ಲ. ಅವಳ ತವರು ಅಕ್ಕಲಕೋಟೆಯ ಕಡೆಯ ಹಳ್ಳಿ. ಅಣ್ಣ ನಿಂಗಣ್ಣ ಮಠದ ಅಯ್ಯನವರ ಹತ್ತಿರ ಕಲಿತವನು, ತಿಂಗಳಿಗೊಂದು ಕಾರ್ಡು ಬರೆಯುತ್ತಿದ್ದ, ಕನ್ನಡದಲ್ಲಿ. ಗಂಡನ ಮನೆಯ ಗಂಡಸರು ಮಾತಾಡುವುದು ಕನ್ನಡವಾದರೂ ಓದಿದ್ದು ಮರಾಠಿ, ಬರೆಯುವುದು ಮೋಡಿ ಲಿಪಿ. ಕಾರ್ಡು ಅಂಗಡಿಗೆ ಹೋಗಬೇಕು, ಅಲ್ಲಿ ಕನ್ನಡ ಬಲ್ಲ ಗಿರಾಕಿ ಯಾರಾದರೂ ಬಂದರೆ ಓದಿಸಬೇಕು, ಕೇಳಿದ ಸುದ್ದಿಯನ್ನು ಸಾತಲಿಂಗಪ್ಪ ಊಟಕ್ಕೆ ಬಂದಾಗ ಮನೆಯಲ್ಲಿ ಹೇಳಬೇಕು. ಇರುವೆ ಸಾಲು ಹಿಡಿದಂತೆ ಕಾರ್ಡಿನ ತುಂಬ ಅಕ್ಷರ; ಅವಳ ಕಿವಿಗೆ ಬಂದು ತಲಪುತ್ತಿದ್ದದ್ದು ಎರಡೇ ಮಾತು. "ಎಲ್ಲಾ ಖುಷಾಲ."

"ಮತ್ತೇನ್ ಬರದಾನ್ರಿ?"

"ಅಷ್ಟಽ. ಎಲ್ಲಾ ಖುಷಾಲ ಅಂತ."

ಹನ್ನೊಂದು ಕಾರ್ಡು, ಹನ್ನೊಂದು ಖುಷಾಲ. ಅವೆಲ್ಲ ಅವಳ ಟ್ರಂಕಿನಲ್ಲಿ ಮದುವೆಯ ಸೀರೆಯ ಕೆಳಗಿದ್ದವು. ನೀಲಾಬಾಯಿ ಮೂರನೆಯ ದಿನವೇ ಪಾಟಿಯ ಮೇಲೆ 'ಇ' ಬರೆದು, ಮುಂದೊಂದು ಸೊನ್ನೆ ಇಟ್ಟು, "ಇದು ಇಂ, ನಿನ್ನ ಹೆಸರಿನ ಬಾಗಲಾ" ಎಂದಳು. ಆ ಸಂಜೆ ಇಂದು ಟ್ರಂಕು ತೆರೆದು ನೋಡುತ್ತಾಳೆ, ಪ್ರತಿ ಕಾರ್ಡಿನಲ್ಲೂ ಆ 'ಇಂ' ಇದೆ! ಒಂದರಲ್ಲಿ ಮೂರು ಸಲ, ಒಂದರಲ್ಲಿ ನಾಲ್ಕು ಸಲ. ಅಣ್ಣ ಅಷ್ಟು ಸಲ ತನ್ನ ಹೆಸರು ಹಿಡಿದು ಏನೋ ಹೇಳಿದ್ದಾನೆ. ಅದನ್ನು ಯಾರೋ ಅಂಗಡಿಯ ಗದ್ದಲದಲ್ಲಿ ಕೇಳಿ, ಗಂಟು ಕಟ್ಟಿ, ಖುಷಾಲ ಎಂದು ಬಿಟ್ಟಿದ್ದಾರೆ. ಅವಳಿಗೆ ಅಳುವೇ ಬಂತು. ಉಳಿದ ಅಕ್ಷರ ಕಲಿಯುವ ತನಕ ಜೀವ ತಡೆಯದು ಎನಿಸಿತು.

ಮಡ್ಡಮ ಸೋರತೊಡಗಿದ್ದು ಅದಾದ ವಾರಕ್ಕೆ. ಮೊದಲು ಹನಿ, ಆಮೇಲೆ ಧಾರೆ. ಹಿಡಿಕೆ ನಾಲ್ಕು ಸುತ್ತು ಬರುವುದರೊಳಗೆ ಅರ್ಧ ನೀರು ನೆಲದ ಮೇಲೆ. ಗಿರಣಿಯ ಫಿಟ್ಟರ್ ಸಾಯಬಣ್ಣ ಬಂದು ಸುತ್ತಲೂ ಬಡಿದು ನೋಡಿ, ಸಂದುಗಳಿಗೆ ಅರಳೆ ತುರುಕಿ ಮೇಲೆ ಡಾಂಬರು ಬಳಿದ. ಬಿಸಿನೀರು ಬೀಳುತ್ತಲೇ ಡಾಂಬರು ಕರಗಿ, ಈಗ ತಾನೇ ಗುಲಾಬಿ ಬಿಟ್ಟು ಬೆಳ್ಳಗಾಗುತ್ತಿದ್ದ ಧೋತರಗಳಿಗೆ ಕರಿ ಬೊಟ್ಟು ಇಟ್ಟಿತು. "ಮುಂಬೈದಿಂದ ಹೊಸಾ ತೊಟ್ಟಿ ತರಸ್ರಿ, ಇದರ ಆಯುಷ್ಯ ಮುಗದದ" ಎಂದು ಹೇಳಿ ಸಾಯಬಣ್ಣ ಕೈ ತೊಳೆದುಕೊಂಡ. ಇಂದು ಮತ್ತೆ ಕಲ್ಲಿಗೆ ಬಂದಳು. ಪಾಟಿ ಗೂಡು ಸೇರಿತು.

ಆಸೆ ತಡೆಯದೆ ಅವಳು ಇನ್ನೊಮ್ಮೆ ನೀರು ತುಂಬಿ ನೋಡಿದ್ದಕ್ಕೇ ಶನಿವಾರ ಮಾವನವರ ಮಣೆ ತೋಯ್ದದ್ದು. ಈಗ ಮಂಗಳವಾರ ಮಡ್ಡಮನೇ ಹೋಗುತ್ತಾಳೆ.

ಆ ಶನಿವಾರವೂ ಕಸ್ತೂರಬಾಯಿ ಎಂದಿನ ಪದ್ಧತಿ ಬಿಡಲಿಲ್ಲ. ಅವರ ಸ್ವಚ್ಛತೆ ಓಣಿಗೇ ಹೆಸರಾಗಿತ್ತು. ತಾಮ್ರದ ಕೊಡದಿಂದ ಹಿಡಿದು ಸಾರಿನ ಸೌಟಿನ ತನಕ ಎಲ್ಲವೂ ಬೂದಿಯಲ್ಲಿ ಬೆಳಗಿ ಬಿಸಿಲಿಗೆ ಮಗುಚಿ ಬೀಳಬೇಕು. "ಕೊಟ್ಟು ಕಳಸೂ ಸಾಮಾನಾದ್ರೇನ, ಹೊಲಸ ಕಳಸಬಾರದು. ತಿಕ್ಕಿ ಅಂಗಳದಾಗ ಮಗಚಿ ಹಾಕು. ಖಡಕ್ ಒಣಗಲಿ" ಎಂದರು. ಮಡ್ಡಮ ಬಂದಾಗಿನಿಂದ ಪ್ರತಿ ಒಗೆತ ಮುಗಿದ ಮೇಲೆ ಇದೇ ಉಪಚಾರ ನಡೆದಿತ್ತು.

ಇಂದು ತೊಟ್ಟಿಯನ್ನು ಅಂಗಳಕ್ಕೆ ಉರುಳಿಸಿ, ಅಡ್ಡ ಕೆಡವಿ, ಬೂದಿ ಹಿಡಿದು ತಲೆಯನ್ನೇ ಒಳಗೆ ಹಾಕಿದಳು. ಒಳಗೆ ಕತ್ತಲಿರಬೇಕಾಗಿತ್ತು. ಹಲಗೆ ಹಲಗೆಯ ನಡುವೆ ಬಿಸಿಲಿನ ಗೆರೆಗಳು ಕಾಣುತ್ತಿದ್ದವು, ಮೈತುಂಬ ವಿಭೂತಿ ಎಳೆದ ಹಾಗೆ. ಇದೇನು ಎಂದು ಹೊರಗೆ ಬಂದು ಕೈಯೂರಿದ್ದೇ ತಡ, ನಡುವಿನ ಕಬ್ಬಿಣದ ಪಟ್ಟಿ ಸರಕ್ಕನೆ ಜಾರಿ ಖಣ್ ಎಂದು ಕಲ್ಲಿಗೆ ಬಡಿಯಿತು.

ಆ ಸದ್ದು ಅವಳಿಗೆ ಗೊತ್ತು. ಚೆನ್ನಾಗಿ ಗೊತ್ತು! ಶಿವರಾತ್ರಿ ಕಳೆದ ಮೇಲೆ ತವರಿನ ಗಾಡಿಯ ಗಾಲಿಗಳು ಹೀಗೇ ಖಣಗುಡುತ್ತಿದ್ದವು. ಆಗ ಅಪ್ಪ ಅಮೃತಪ್ಪ ಗಾಲಿ ಬಿಚ್ಚಿ, ಉರುಳಿಸಿಕೊಂಡು ಹೋಗಿ, ಹಳ್ಳದ ಮಡುವಿನಲ್ಲಿ ಮುಳುಗಿಸಿ ಬರುತ್ತಿದ್ದ. ಸಣ್ಣವಳಿದ್ದಾಗ ಅವಳೂ ಹಿಂದೆ ಓಡುತ್ತಿದ್ದಳು. ಇಂದು ಸೆರಗಿನಿಂದ ಮುಖದ ಬೂದಿ ಒರೆಸಿಕೊಂಡು ಒಬ್ಬಳೇ ನಕ್ಕಳು. ಎರಡನೆಯ ಗಳಿಗೆಗೆ ಅತ್ತೆ ಮಾವ ನೆನಪಾದರು. ಇದನ್ನು ಹೇಳುವುದು ಹೇಗೆ? ಒಣಗಿಸಿದ್ದು ಅತ್ತೆ. ಕೊಡಲು ಹೊರಟದ್ದು ಮಾವ. ಸೊಸೆ ಮಾವನ ಎದುರು ನಿಂತು ಮಾತಾಡುವುದು ಆ ಮನೆಯಲ್ಲಿ ಇಲ್ಲ.

ಆದರೂ ಒಂದು ದಾರಿ ಇತ್ತು. ಮಾವನಿಗೆ ಹೇಳಲೇಬೇಕಾದ ಮಾತಿದ್ದರೆ ಸೊಸೆಯಂದಿರು ಅದನ್ನು ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದರು. ಕಂಬ ಕೇಳುತ್ತದೋ ಬಿಡುತ್ತದೋ, ಕೇಳಬೇಕಾದವರಿಗೆ ಕೇಳುತ್ತದೆ. ನಾಗಪ್ಪನವರು ಮಧ್ಯಾಹ್ನದ ಊಟ ಮುಗಿಸಿ ಅಡಕೆ ಕತ್ತರಿಸುತ್ತ ಕೂತಾಗ ಇಂದು ಬಾಗಿಲ ಮರೆಗೆ ಬಂದು ನಿಂತಳು.

"ಕಂಬಣ್ಣಾ, ನಿನಗ ಒಂದ ಮಾತ ಹೇಳ್ತೀನಿ. ಮಡ್ಡಮ ಕೆಟ್ಟಿಲ್ಲ. ಆಕಿಗೆ ನೀರಡಿಕಿ ಆಗ್ಯಾದ."

ಅಡಕತ್ತು ನಿಂತಿತು.

"ನಮ್ಮಪ್ಪ ಬ್ಯಾಸಗ್ಯಾಗ ಗಾಡಿ ಗಾಲಿ ಒಯ್ದು ಹಳ್ಳದಾಗ ಮುಳುಗಸ್ತಾನ. ಒಣಗಿದ ಕಟಗಿ ಕುಗ್ಗತದ, ಪಟ್ಟಿ ಕಳಚತದ. ನೀರ ಕುಡದ್ರ ಉಬ್ಬಿ ಬಿಗೀ ಆಗತದ. ಸಾಹೇಬನ ಮನ್ಯಾಗ ಈಕಿ ದಿನಾ ನೀರಾಗ ಇದ್ದಳು. ನಾವು ತಾಂಬ್ರದ ಕೊಡದಂಗ ಬಿಸಲಾಗ ಒಣಗಸೇವಿ. ಮೂರ ದಿನ ನೀರ ಕುಡಸ್ತೀನಿ. ಅಷ್ಟ ವ್ಯಾಳ್ಯಾ ಕೊಡಸಪ್ಪಾ."

ಒಳಗೆ ಕಸ್ತೂರಬಾಯಿಯ ಪಾತ್ರೆಯ ಸದ್ದೂ ನಿಂತಿತ್ತು. ಇಂದು ಕಣ್ಣು ಮುಚ್ಚಿಕೊಂಡಳು. ಮುಗಿಯಿತು, ಇನ್ನು ಇಬ್ಬರೂ ಸೇರಿ ಬೈಯುತ್ತಾರೆ.

ನಾಗಪ್ಪನವರು ಕೆಮ್ಮಿದರು. ಅವರೂ ಕಂಬದ ಕಡೆಗೇ ಮುಖ ಮಾಡಿದರು. "ಕಂಬಾ, ನೀ ಹೇಳೂದು ತಿಳೀತು. ಜೂನಾ ಸಾಮಾನಿನಾವ ಬರೂದು ಮಂಗಳವಾರ. ಅಷ್ಟರಾಗ ಏನ ಕುಡಸ್ತಿ ಕುಡಸು. ಅವ ಬಂದಾಗೂ ಸೋರತಿದ್ರ ಕೊಟ್ಟು ಕಳಸೂದ, ಮುಂದ ನನಗೇನೂ ಹೇಳಬ್ಯಾಡ."

ಇಂದು ಹಳೆಯ ಚಾಕುವಿನಿಂದ ಡಾಂಬರು, ಅರಳೆ ಎಲ್ಲ ಕೆತ್ತಿ ತೆಗೆದಳು. ಪಟ್ಟಿಗಳನ್ನು ಬಡಿದು ಜಾಗಕ್ಕೆ ಏರಿಸಿದಳು. ತೊಟ್ಟಿಯನ್ನು ಬೇವಿನ ಗಿಡದ ನೆರಳಿಗೆ ತಂದು, ಮೈಗೆಲ್ಲ ಒದ್ದೆ ಗೋಣಿ ಸುತ್ತಿ, ಬಾವಿಯಿಂದ ನೀರು ಸೇದಿ ಸೇದಿ ಸುರಿದಳು. ಸುರಿದಷ್ಟೂ ಸೋರಿತು. ಸೋರಿದ ನೀರನ್ನು ಬೋಗುಣಿಯಲ್ಲಿ ಹಿಡಿದು ಮತ್ತೆ ಸುರಿದಳು. ರವಿವಾರವೂ ಅದೇ ಗತಿ.

"ಬಾವೀನ ಬತ್ತಸ್ತಿ ಏನ?" ಎಂದು ಕಸ್ತೂರಬಾಯಿ ಗೊಣಗಿದರು. ಒಣಗಿಸಿದ ಮಾತು ಅವರಿಗೆ ಚೆನ್ನಾಗಿಯೇ ತಾಗಿತ್ತು, ನಿನ್ನೆಯಿಂದ ಸೊಸೆಗೆ ನೆಟ್ಟಗೆ ಮುಖ ಕೊಟ್ಟಿರಲಿಲ್ಲ. ಆದರೆ ಹಗ್ಗ ಕಸಿದುಕೊಳ್ಳಲೂ ಇಲ್ಲ.

ಸೋಮವಾರ ನಸುಕಿನಲ್ಲಿ ಇಂದು ಎದ್ದು ಬರುವಷ್ಟರಲ್ಲಿ ಬಾವಿಯ ಗಡಗಡಿ ಆಗಲೇ ಸದ್ದು ಮಾಡುತ್ತಿತ್ತು. ಸಾತಲಿಂಗಪ್ಪ ಅಂಗಿ ಕಳಚಿಟ್ಟು ನೀರು ಸೇದುತ್ತಿದ್ದ. ಹೆಂಡತಿಯನ್ನು ಕಂಡು ನಾಚಿಕೊಂಡ.

"ನಿನ್ನ ಅಂಗೈ ನೋಡೀನಿ, ಬೊಬ್ಬಿ ಎದ್ದಾವ" ಎಂದ. ಸ್ವಲ್ಪ ತಡೆದು, "ಇಂದೂ, ಆ ಕಾರ್ಡಿನ್ಯಾಗ ನಾ ಹೇಳೂದಕ್ಕಿಂತ ಹೆಚ್ಚಿಗಿ ಇರತಿತ್ತು. ಅಂಗಡಿಯಿಂದ ಮನಿಗೆ ಬರೂದ್ರಾಗ ನನಗ ಮರತ ಹೋಗತಿತ್ತು" ಎಂದ.

ಇಂದುವಿಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ಬೇರೆ ಏನೋ. "ಇನ್ನೂ ಎರಡ ಕೊಡ ಸೇದ್ರಿ" ಎಂದಷ್ಟೇ ಹೇಳಿದಳು.

ಆ ಸಂಜೆ ಧಾರೆ ಹನಿಯಾಯಿತು. ಮಂಗಳವಾರ ಬೆಳಗಾದಾಗ ತೊಟ್ಟಿಯಲ್ಲಿ ನೀರು ನಿನ್ನೆ ಬಿಟ್ಟಲ್ಲೇ ನಿಂತಿತ್ತು. ನಾಗಪ್ಪನವರು ಬಂದು, ಗೋಣಿ ಸರಿಸಿ, ಬಗ್ಗಿ ತಳಕ್ಕೆ ಕೈ ಹಾಕಿ ನೋಡಿದರು. ಪಟ್ಟಿಯನ್ನು ಬೆರಳಿನಿಂದ ಬಡಿದರು; ಅದು ಕಡೆದಂತೆ ಕೂತಿತ್ತು. ಬಾಗಿಲಿನಲ್ಲಿ ಜೂನಾ ಸಾಮಾನಿನವನು ಕೂಗಿದ. "ಏನೂ ಇಲ್ಲ, ಮುಂದ ನಡಿಯಪ್ಪಾ" ಎಂದರು ನಾಗಪ್ಪನವರು. ಹತ್ತಿರದಲ್ಲಿ ಕಂಬವಿರಲಿಲ್ಲ, ಬೇವಿನ ಗಿಡಕ್ಕೇ ಹೇಳಿದರು: "ಗಿಡಾ, ನಮ್ಮ ಸೊಸಿ ಶಾಣ್ಯಾಕಿ ಇದ್ದಾಳ."

ಅವರು ಹೋದ ಮೇಲೆ ಕಸ್ತೂರಬಾಯಿ ಬಂದು ತೊಟ್ಟಿಯ ಸುತ್ತ ಒಂದು ಸುತ್ತು ಹಾಕಿದರು.

"ಮಡ್ಡಮಗ ನಮ್ಮ ಬಿಸಲ ಆಗಿಬರಲಿಲ್ಲ ನೋಡು. ಆಕಿ ದೇಶದಾಗ ಬರೇ ಮಳೀನಂತ." ಆಮೇಲೆ ದನಿ ಇಳಿಸಿದರು. "ನಾನಽ ಒಣಗಿಸಿ ಒಣಗಿಸಿ ಆಕಿನ್ನ ಕೊಲ್ಲತಿದ್ದೆ. ನೀ ಕಂಬಕ್ಕ ಹೇಳಿದ್ದು ಚಲೋ ಆತು. ನನಗ ಹೇಳಿದ್ದರ ನಾ ಕೇಳತಿದ್ದಿಲ್ಲ. ಹೋಗು, ಗೂಡಿನ್ಯಾಗಿನ ಪಾಟಿ ತಗೊ."

ಮುಂದೆ ಮಳೆ ಬಂತು, ಬಿಟ್ಟಿತು. ದೀಪಾವಳಿ ಕಳೆದು ಬಿಸಿಲು ಹಿತವಾದ ಒಂದು ಮಧ್ಯಾಹ್ನ ಇಂದು ಬೇವಿನ ಕೆಳಗೆ ಕೂತಿದ್ದಳು. ತೊಡೆಯ ಮೇಲೆ ಆ ಹಳೆಯ ಹನ್ನೊಂದು ಕಾರ್ಡುಗಳಲ್ಲಿ ಮೊದಲನೆಯದು. ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ಇಂ...ದೂ...ಗೆ ಹೇ...ಳಿ...ರಿ."

ಇಂದೂಗೆ ಹೇಳಿರಿ. ಪ್ರತಿ ಸುದ್ದಿಯೂ ಹಾಗೇ ಶುರುವಾಗುತ್ತಿತ್ತು. ಇಂದೂಗೆ ಹೇಳಿರಿ, ಕಪಿಲಿ ಹೆಣ್ಣುಗರು ಹಾಕಿದೆ, ಹಣೆಯ ಮೇಲೆ ಬಿಳಿ ಚುಕ್ಕೆ ಇದೆ. ಇಂದೂಗೆ ಹೇಳಿರಿ, ಅವಳು ಹಚ್ಚಿದ ಮಲ್ಲಿಗೆ ಬಳ್ಳಿ ಮಾಳಿಗೆ ಮುಟ್ಟಿದೆ. ಇಂದೂಗೆ ಹೇಳಿರಿ, ಅವ್ವ ಬೀಸಲು ಕೂತಾಗ ಅವಳ ಹೆಸರು ಸೇರಿಸಿ ಹಾಡುತ್ತಾಳೆ.

ಅವಳು ಕಾರ್ಡನ್ನು ಎದೆಗೆ ಒತ್ತಿಕೊಂಡು ಬಿಕ್ಕಿದಳು. ಬೂದಿ ಕೈಯಲ್ಲೇ ಕಸ್ತೂರಬಾಯಿ ಗಾಬರಿಯಾಗಿ ಓಡಿ ಬಂದರು.

"ಏನವಾ? ಏನ ಬರದಾನ? ಎಲ್ಲಾ ಖುಷಾಲ ಹೌದಲ್ಲ?"

"ಖುಷಾಲ ಅಂತ ಎಲ್ಲೂ ಬರದಿಲ್ರಿ, ಅತ್ಯಾರ" ಎಂದು ಇಂದು ಅಳುತ್ತಲೇ ನಕ್ಕಳು. ಓದಿದ್ದನ್ನು ಇನ್ನೊಮ್ಮೆ ಓದಿ ಹೇಳಿದಳು.

ಕಸ್ತೂರಬಾಯಿ ಬೂದಿ ಕೈಯನ್ನು ಸೆರಗಿಗೇ ಒರೆಸಿಕೊಂಡರು. ಬೆಳಗಲು ಇಟ್ಟ ಕೊಡ ಹಾಗೇ ಬಿದ್ದಿತ್ತು. ಅದರ ಕಡೆ ನೋಡಲೂ ಇಲ್ಲ. ಬೇವಿನ ಬುಡಕ್ಕೆ ಬಂದು, ಕಾಲು ಚಾಚಿ, ಸೊಸೆಯ ಮಗ್ಗುಲಿಗೆ ಕೂತರು.

"ಎರಡನೇದು ತಗಿ. ಸಾವಕಾಶ ಓದು, ಒಂದ ಅಕ್ಷರಾನೂ ಬಿಡಬ್ಯಾಡ" ಎಂದರು.

ಇಂದು ಎರಡನೆಯ ಕಾರ್ಡು ತೆಗೆದಳು. ಪಕ್ಕದಲ್ಲಿ ಒದ್ದೆ ಗೋಣಿ ಹೊದ್ದ ತೊಟ್ಟಿ ಅಂಚಿನ ತನಕ ತುಂಬಿ ನಿಂತಿತ್ತು. ಗುಬ್ಬಿಯೊಂದು ಅದರ ಅಂಚಿಗೆ ಬಂದು ಕೂತು, ಬಗ್ಗಿ ಬಗ್ಗಿ ನೀರು ಕುಡಿಯುತ್ತಿತ್ತು.