ಪಕ್ಕದ ಸೀಟಿನ ಬ್ರೇಕು

ನಮ್ಮವರು ಟೇಲರ್. ಹಾಗಾಗಿ ನಮ್ಮ ಪ್ರವಾಸದ ಯೋಜನೆ ಶುರುವಾದದ್ದು ಅವರ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ. ಯಾರದೋ ಅರ್ಧ ಹೊಲಿದ ಕೋಟನ್ನು ಪಕ್ಕಕ್ಕೆ ಸರಿಸಿ ನಕ್ಷೆ ಹರಡಿದರು. ಸುರುಳಿಯಾಗದಂತೆ ಒಂದು ಅಂಚಿಗೆ ಇಸ್ತ್ರಿಪೆಟ್ಟಿಗೆ, ಇನ್ನೊಂದಕ್ಕೆ ಕತ್ತರಿ ಇಟ್ಟರು. ನಮ್ಮದು ದ್ವೀಪ ದೇಶ. ಸುತ್ತಲೂ ಸಮುದ್ರ, ಸಮುದ್ರದ ಅಂಚಿಗೇ ಒಂದು ರಸ್ತೆ. ಆ ರಸ್ತೆಯಲ್ಲಿ ಅಲ್ಲಲ್ಲಿ ತಂಗುತ್ತಾ ಒಂದು ಸುತ್ತು ಬರಬೇಕೆನ್ನುವುದು ನನ್ನ ಬಹಳ ಹಳೆಯ ಆಸೆ.

ನಾನು ಈ ಊರಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸಿದವಳು. ಅರ್ಧ ಊರಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದ್ದೇನೆ. ನನ್ನ ಗಾಡಿ ಓಡಿದ ದೂರಕ್ಕೆ ಈ ದ್ವೀಪವನ್ನು ಎಷ್ಟು ಸಲ ಸುತ್ತಬಹುದಿತ್ತೋ ದೇವರೇ ಬಲ್ಲ. ಆದರೆ ಓಡಿದ್ದೆಲ್ಲ ಮಾರುಕಟ್ಟೆ ಸರ್ಕಲ್, ಆಸ್ಪತ್ರೆಯ ಏರು, ಗೋದಾಮಿನ ಹಿಂದಿನ ಗಲ್ಲಿ, ಮತ್ತೆ ಮಾರುಕಟ್ಟೆ ಸರ್ಕಲ್. ಗಾಣದೆತ್ತಿನ ಹಾಗೆ ಸುತ್ತಿದ್ದೇ ಬಂತು. ಸ್ಕೂಲ್ ಮುಚ್ಚಿದ ಮೇಲೆ ಆರಾಮಾಗಿ ಹೋಗೋಣ ಎಂದುಕೊಂಡಿದ್ದೆ. ಸ್ಕೂಲ್ ಮುಚ್ಚಿದೆ, ಅಷ್ಟರಲ್ಲಿ ಕಾಲು ಕೈಕೊಟ್ಟಿತು.

ಸಕ್ಕರೆ ಕಾಯಿಲೆಯಿಂದ ಬಲಪಾದದ ಸ್ಪರ್ಶ ಹೋಗಿದೆ ಎಂದರು ಡಾಕ್ಟರು. ನಾನು ಒಪ್ಪಲಿಲ್ಲ. ಕಣ್ಣು ಮುಚ್ಚಿಸಿ ಪಾದಕ್ಕೆ ಸೂಜಿ ತಾಗಿಸಿ "ಗೊತ್ತಾಯ್ತಾ?" ಎಂದು ಕೇಳಿದರು. ನಾನು ಒಂದು ಕಣ್ಣು ಸ್ವಲ್ಪವೇ ತೆರೆದು ಅವರ ಮೊಣಕೈ ಅಲುಗಿದಾಗಲೆಲ್ಲ "ಗೊತ್ತಾಯ್ತು" ಎಂದೆ. ಕಲಿಯಲು ಬಂದವರು ನನ್ನನ್ನು ಏಮಾರಿಸಲು ಮಾಡುತ್ತಿದ್ದ ಆಟಗಳೆಲ್ಲ ನನಗೂ ಬರುತ್ತವೆ. ಡಾಕ್ಟರು ಏಮಾರಲಿಲ್ಲ. ಇನ್ನು ಗಾಡಿ ಓಡಿಸಕೂಡದು ಎಂದು ಖಡಾಖಂಡಿತವಾಗಿ ಹೇಳಿದರು.

ಟೂರಿಸ್ಟ್ ಬಸ್ಸಿನಲ್ಲಿ ಹೋಗಿಬನ್ನಿ ಎಂದಳು ಮಗಳು. ಇನ್ನೊಬ್ಬರು ಸೀಟಿ ಊದಿದಾಗ ಹತ್ತಿ, ಸೀಟಿ ಊದಿದಾಗ ಇಳಿಯಲು ನನ್ನಿಂದಾಗದು ಎಂದೆ. ಆಗ ನಮ್ಮವರು ಬಾಯಲ್ಲಿದ್ದ ಗುಂಡುಸೂಜಿ ತೆಗೆದು, "ನಾನು ಕಲಿತರೆ ಹೇಗೆ?" ಎಂದರು.

ಹುಟ್ಟಿದಾಗಿನಿಂದ ಸೈಕಲ್ಲಿಗಿಂತ ದೊಡ್ಡದನ್ನು ಮುಟ್ಟದ ಮನುಷ್ಯ. ದುಬಾರಿ ಬಟ್ಟೆಗೆ ಕತ್ತರಿ ಹಾಕುವಾಗ ನಡುಗದ ಕೈ, ಗೇರ್ ಹಿಡಿದರೆ ಬೆವರುತ್ತಿತ್ತು. ಮನೆಯಲ್ಲಿ ನನ್ನನ್ನು "ಏನೇ" ಅನ್ನುವವರು ಗಾಡಿ ಹತ್ತಿದ ಕೂಡಲೇ "ಮೇಡಂ" ಅನ್ನುತ್ತಿದ್ದರು. ಕಲಿಸುವ ಗಾಡಿಯಾದ್ದರಿಂದ ನನ್ನ ಸೀಟಿನ ಕೆಳಗೂ ಒಂದು ಬ್ರೇಕ್ ಇದೆ. ಅದನ್ನು ಒತ್ತಿದರೆ ಕೇಬಲ್ ಎಳೆದು ಅವರ ಕಾಲಡಿಯ ಬ್ರೇಕೂ ಕೆಳಗಿಳಿಯುತ್ತದೆ. ಹೇಗೋ ಖಾಲಿ ಮೈದಾನದಲ್ಲಿ ಗಾಡಿ ಸುತ್ತಿಸಿ ಲೈಸೆನ್ಸ್ ಗಿಟ್ಟಿಸಿಕೊಂಡರು. ಆದರೆ ರಸ್ತೆಗಿಳಿದರೆ ನಾನೇ ಬ್ರೇಕ್ ಹಾಕಬೇಕು. ಎದುರಿಗೆ ಏನಾದರೂ ಬಂದರೆ ಅವರು ಬ್ರೇಕ್ ಒತ್ತುವ ಬದಲು ನನ್ನ ಮುಖ ನೋಡುತ್ತಿದ್ದರು.

ಇಂಥವರನ್ನು ನಂಬಿ ದಾರಿ ಹಾಕಬೇಕಿತ್ತು. ನಕ್ಷೆಯ ಮೇಲೆ ಟೇಲರ್ ಚಾಕಿನಲ್ಲಿ ನಾನೇ ಗೆರೆ ಎಳೆದೆ. ಕಡಿದಾದ ಏರಿದ್ದರೆ ಬೇಡ, ಹಿಂದಕ್ಕೆ ತಿರುಗಿಸಬೇಕಾದ ಇಕ್ಕಟ್ಟಿದ್ದರೆ ಬೇಡ, ಒಂದು ಪಕ್ಕಕ್ಕೆ ಪ್ರಪಾತವಿರುವ ತಿರುವಂತೂ ಬೇಡವೇ ಬೇಡ. ತಂಗುವ ಊರುಗಳಿಗೆ ಅವರು ಗುಂಡುಸೂಜಿ ಚುಚ್ಚುತ್ತಾ ಬಂದರು. ಎಲ್ಲ ಮುಗಿದ ಮೇಲೆ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಏನೇ, ಇದ್ರಲ್ಲಿ ಸಮುದ್ರ ಎಲ್ಲಿ?"

ನೋಡಿದರೆ ಹೌದು. ನನ್ನ ಗೆರೆ ದ್ವೀಪದ ನಟ್ಟನಡುವೆ ಹೆದ್ದಾರಿ ಹಿಡಿದು ಹೋಗಿ ಹೆದ್ದಾರಿಯಲ್ಲೇ ವಾಪಸ್ ಬಂದಿತ್ತು. ಒಂದು ಲೈಟ್‌ಹೌಸ್ ಇಲ್ಲ, ಜಲಪಾತ ಇಲ್ಲ, ಕಡಲಿಗೆ ಬಾಗಿದ ಬಂಡೆ ಇಲ್ಲ. ಸಿಮೆಂಟ್ ಕಾರ್ಖಾನೆ ಎರಡು ಸಲ ಸಿಗುತ್ತಿತ್ತು.

"ಕಡಲ ದಾರೀಲಿ ಹೋಗೋಣ ಅಂದ್ರೆ ಓಡಿಸೋರು ಯಾರು?" ಎಂದೆ ಕೊಂಚ ಸಿಟ್ಟಿನಿಂದ. "ನೀವು ನನ್ನ ಮುಖ ನೋಡ್ತಾ ಇದ್ರೆ ಇಬ್ರೂ ಮೀನುಗಳ ಪಾಲು."

ಅವರು ಸೂಜಿ ಚುಚ್ಚಿದ ನಕ್ಷೆಯನ್ನು ಹಾಗೇ ಎತ್ತಿ ಬೀರುವಿನ ಮೇಲಿಟ್ಟರು.

ಅದೇ ವಾರ ನಮ್ಮವರು ಗಾಡಿ ಓಡಿಸುತ್ತಿದ್ದಾಗ ಆಸ್ಪತ್ರೆಯ ಇಳಿಜಾರಿನಲ್ಲಿ ನೀರಿನ ಟ್ಯಾಂಕರೊಂದು ಹಿಂದೆಮುಂದೆ ನೋಡದೆ ರಿವರ್ಸ್‌ನಲ್ಲಿ ರಸ್ತೆಗೆ ನುಗ್ಗಿತು. ನಾನು ಕಾಲು ಝಾಡಿಸಿ ಒತ್ತಿದೆ. ಗಾಡಿ ಟ್ಯಾಂಕರಿಗೆ ಗೇಣುದೂರದಲ್ಲಿ ನಿಂತಿತು. ಒಳಗೊಳಗೇ ಹಿಗ್ಗಿದೆ. ಸ್ಪರ್ಶ ಹೋಗಿದೆಯಂತೆ, ನನ್ನ ಕಾಲಿಗೆ.

"ನೋಡಿದ್ರಾ? ನಾನಿಲ್ದಿದ್ರೆ ಏನಾಗ್ತಿತ್ತು?"

"ಹೌದು ಮೇಡಂ" ಎಂದರು ನಮ್ಮವರು, ಮುಂದಿನ ಗಾಜನ್ನೇ ನೋಡುತ್ತಾ.

ಅಂದು ಊಟಕ್ಕೆ ಕೂತಾಗ ನಾನು ತೀರ್ಪು ಕೊಟ್ಟೆ. ಹೆದ್ದಾರಿ ಅವರದು, ಕಡಲ ದಾರಿ ನನ್ನದು. ಡಾಕ್ಟರು ಏನು ಬೇಕಾದರೂ ಹೇಳಿಕೊಳ್ಳಲಿ, ದಿನಾ ಬ್ರೇಕ್ ಒತ್ತುತ್ತಿರುವ ಕಾಲು ಇದು. ನಮ್ಮವರು ಬೇಡವೆನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ. ಹೊರಡುವ ಮೊದಲು ಗಾಡಿಯನ್ನು ಒಮ್ಮೆ ಪೂರ್ತಿ ನೋಡಿಸಿಬಿಡೋಣ ಎಂದಷ್ಟೇ ಹೇಳಿದರು.

ನಮ್ಮ ಮೆಕ್ಯಾನಿಕ್ ನನ್ನ ಹಳೆಯ ಶಿಷ್ಯ. ಒಂದು ವಾರ ಬಿಟ್ಟು ನಮ್ಮವರು ಗಾಡಿಯನ್ನೂ ನನ್ನನ್ನೂ ಅವನ ಗ್ಯಾರೇಜಿನಲ್ಲಿ ಬಿಟ್ಟು ಅಂಗಡಿಗೆ ಹೋದರು. ಅವನು ನನ್ನ ಸೀಟಿನ ಮುಂದೆ ಅಂಗಾತ ಮಲಗಿ, ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿದ.

"ಅಕ್ಕಾ, ನಿಮ್ ಕಡೆ ಬ್ರೇಕು ಸರಿಯಾಗಿದ್ಯಾ?"

"ಬೆಣ್ಣೆ ಥರ ಇದೆ."

"ಒಂದ್ಸಲ ಒತ್ತಿ ನೋಡೋಣ."

ಬಾಗಿಲ ಕಡೆಯಿಂದ ಕಾಲು ಚಾಚಿ ಒತ್ತಿದೆ.

"ಹೇಗಿದೆ? ಗಟ್ಟಿನಾ, ಸಡಿಲನಾ?"

ನನಗೆ ಗೊತ್ತಾಗಲಿಲ್ಲ. ಅವನ ಮೊಣಕೈ ಹುಡುಕಿದೆ. ಅದು ಡ್ಯಾಶ್‌ಬೋರ್ಡಿನ ಅಡಿಯಲ್ಲಿತ್ತು, ಕಾಣಲಿಲ್ಲ.

"ಗಟ್ಟಿ" ಎಂದೆ.

ಅವನು ಹೊರಗೆ ಬಂದು ಎಣ್ಣೆಮೆತ್ತಿದ ಕಿರುಬೆರಳಲ್ಲಿ ಪೆಡಲನ್ನು ಒತ್ತಿದ. ಅದು ಸದ್ದಿಲ್ಲದೆ ನೆಲ ಮುಟ್ಟಿತು. "ಕೇಬಲ್ ತುಂಡಾಗಿದೆ ಅಕ್ಕಾ. ತುದಿಯೆಲ್ಲಾ ತುಕ್ಕು ಹಿಡಿದಿದೆ, ಇವತ್ತು ನಿನ್ನೆದಲ್ಲ. ಇಷ್ಟು ದಿನ ನೀವು ಒತ್ತಿದ್ದು ಬರೀ ಗಾಳಿ."

ನಾನು ಬಗ್ಗಿ ಕೈಯಿಂದ ಒತ್ತಿ ನೋಡಿದೆ. ಕೈಗೆ ಗೊತ್ತಾಯಿತು.

ಗ್ಯಾರೇಜಿನಿಂದ ಅಂಗಡಿಗೆ ಎರಡೇ ರಸ್ತೆ. ನಡೆದೇ ಹೋದೆ. ದಾರಿಯುದ್ದಕ್ಕೂ ಟ್ಯಾಂಕರಿನ ಹಿಂಬದಿಯೇ ಕಣ್ಣಿಗೆ ಕಟ್ಟಿತ್ತು. ನಮ್ಮವರು ಕೋಟಿನ ತೋಳಿಗೆ ಕಚ್ಚಾ ಹೊಲಿಗೆ ಹಾಕುತ್ತಿದ್ದರು. ನನ್ನ ಮುಖ ನೋಡಿದ್ದೇ ಸೂಜಿ ಕೆಳಗಿಟ್ಟರು.

"ಆ ಟ್ಯಾಂಕರ್ ಬಂದಾಗ ಬ್ರೇಕ್ ಹಾಕಿದ್ಯಾರು?"

"ನಾನು."

"ನಿಮಗೆ ಗೊತ್ತಿತ್ತಾ?"

"ಆವತ್ತೇ ಗೊತ್ತಾಯ್ತು. ಯಾವಾಗ್ಲೂ ನೀನು ಒತ್ತಿದ ಕೂಡ್ಲೆ ನನ್ನ ಕಾಲಡಿ ಪೆಡಲ್ ತಾನೇ ಇಳೀತಿತ್ತು. ಆವತ್ತು ಇಳೀಲಿಲ್ಲ. ಟ್ಯಾಂಕರ್ ಬರ್ತಾನೇ ಇತ್ತು. ನಾನೇ ಒತ್ತಿದೆ." ಕೋಟಿನ ತೋಳು ಮಡಚಿಡುತ್ತಾ ಹೇಳಿದರು, "ಆಮೇಲಿಂದ ಎಲ್ಲಾ ನಾನೇ ಒತ್ತಿದ್ದು."

"ಹೇಳೋಕೆ ಬಾಯಿ ಇರಲಿಲ್ವಾ?"

"ನೀನು ಅಷ್ಟು ಖುಷಿಯಾಗಿದ್ದೆ. ಬಾಯಿ ಬರಲಿಲ್ಲ. ಮೆಕ್ಯಾನಿಕ್ ಹೇಳ್ಲಿ ಅಂತ ಗಾಡಿ ಬಿಟ್ಟು ಬಂದೆ."

ಹೇಡಿ, ಮಳ್ಳ, ಕಳ್ಳ ಎಂದು ಬಾಯಿಗೆ ಬಂದದ್ದೆಲ್ಲ ಬೈದೆ. ಬ್ರೇಕಿಲ್ಲದ ಸೀಟಿನಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದ್ದೀರಲ್ಲ ಎಂದೆ. ಅವರು ತಲೆ ತಗ್ಗಿಸಿ ಬೈಸಿಕೊಂಡರು. ಬೈಗುಳ ಮುಗಿದ ಮೇಲೆ ನನಗೆ ಅಳು ಬಂತು. ಅವರ ಮೇಲಿನ ಸಿಟ್ಟಿಗಲ್ಲ. ನನ್ನ ಕಾಲು ನಿಜವಾಗಿಯೂ ಹೋಗಿತ್ತು, ಅದಕ್ಕೆ.

"ನಾನಿನ್ನು ಓಡಿಸೋಕಾಗಲ್ಲ ರೀ" ಎಂದೆ. ಡಾಕ್ಟರ ಮುಂದೆ, ಮಗಳ ಮುಂದೆ, ಯಾರ ಮುಂದೆಯೂ ಆಡದ ಮಾತು ಅದು.

ಅಳತೆ ತೆಗೆಯುವಾಗ ಗಿರಾಕಿಗಳು ನಿಲ್ಲುವ ಕಿರುಮಣೆಯ ಮೇಲೆ ಅವರು ನನ್ನನ್ನು ಕೂರಿಸಿ, ನೀರು ಕೊಟ್ಟರು. ಆಮೇಲೆ ಬೀರುವಿನ ಮೇಲಿಂದ ನಕ್ಷೆ ಇಳಿಸಿದರು. ಗುಂಡುಸೂಜಿಗಳು ಹೆದ್ದಾರಿಯ ಮೇಲೆ ಹಾಗೇ ಸಾಲಾಗಿ ನಿಂತಿದ್ದವು. ಟ್ಯಾಂಕರಿನ ಮುಂದೆ ಅವರು ನನ್ನ ಮುಖ ನೋಡಿರಲಿಲ್ಲ, ಗಾಜನ್ನೇ ನೋಡಿದ್ದರು ಎನ್ನುವುದು ಆಗ ನೆನಪಾಯಿತು.

"ಕಡಿದಾದ ಇಳಿಜಾರಲ್ಲಿ ಯಾವ ಗೇರು?" ಎಂದು ಕೇಳಿದೆ.

"ಹತ್ತುವಾಗ ಯಾವುದೋ ಇಳಿಯುವಾಗಲೂ ಅದೇ, ಮೇಡಂ."

"ತಿರುವಲ್ಲಿ ಎದುರಿಗೆ ಬಸ್ ಬಂದ್ರೆ ಯಾರ ಮುಖ ನೋಡ್ತೀರಿ?"

"ಬಸ್ಸಿನ ಮುಖ."

ನನಗೆ ನಗು ಬಂತು. ಸಿಮೆಂಟ್ ಕಾರ್ಖಾನೆಯ ಪಕ್ಕದ ಸೂಜಿ ಕಿತ್ತು ಲೈಟ್‌ಹೌಸಿಗೆ ಚುಚ್ಚಿದೆ. ಇನ್ನೊಂದನ್ನು ಜಲಪಾತಕ್ಕೆ. ಮೀನುಗಾರರ ಕೊಲ್ಲಿಗೆ ಅವರೇ ಒಂದನ್ನು ಚುಚ್ಚಿದರು. ಸೂಜಿ ಹಿಡಿದ ಬೆರಳು ಅಲುಗಲಿಲ್ಲ. ಚಾಕಿನ ಹಳೆಯ ಗೆರೆಯನ್ನು ಸೆರಗಿನಿಂದ ಒರೆಸಿ, ಸಮುದ್ರದ ಅಂಚಿಗೇ ಹೊಸ ಗೆರೆ ಎಳೆದೆ. ಭಯ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಭಯಕ್ಕಿಂತ ಆಸೆ ಹೆಚ್ಚಾಗಿತ್ತು.

ಅಷ್ಟರಲ್ಲಿ ಮೆಕ್ಯಾನಿಕ್ ಫೋನ್ ಮಾಡಿದ. "ಅಕ್ಕಾ, ಹೊಸ ಕೇಬಲ್ ತರಿಸ್ಲಾ?"

ಪಾದ ನೋಡಿಕೊಂಡೆ. ಚಪ್ಪಲಿ ಇದೆಯೋ ಇಲ್ಲವೋ ಎಂದು ತಿಳಿಯಲು ಅದನ್ನು ನೋಡಲೇಬೇಕಿತ್ತು.

"ಬೇಡಪ್ಪಾ. ಪೆಡಲ್ಲನ್ನೇ ಬಿಚ್ಚಿಬಿಡು."

"ಬಿಚ್ಚಿದ್ರೆ ನಿಮ್ ಕಾಲ ಹತ್ರ ಏನೂ ಇರಲ್ಲ ನೋಡಿ."

"ಇರಲ್ಲ ಅಂತಾನೇ ಬಿಚ್ಚೋಕೆ ಹೇಳಿದ್ದು" ಎಂದೆ. "ಕಾಲು ಚಾಚ್ಕೊಂಡು ಸಮುದ್ರ ನೋಡಬೇಕು ನಾನು."