ಲೋಟ ತೆಗೆದ ಫೋಟೋ

ಮೊಬೈಲಿನ ಮೇಲೆ ಬೆರಳಾಡಿಸುತ್ತಲೇ ಬೋಜಮ್ಮ ಪಕ್ಕದ ಮನೆಯ ಹಿತ್ತಿಲಿಗೆ ಬಂದಳು. ಹಿಂದೆಯೇ ಆ ಮನೆಯ ಸೊಸೆ ಸುಧಾ ಬಂದು ನಿಂತಳು. ಅತ್ತು ಅತ್ತು ಅವಳ ದನಿ ಕಟ್ಟಿಹೋಗಿತ್ತು.

"ಒಂದೇ ಒಂದು ಫೋಟೋ ಕೊಡಿ ಆಂಟಿ. ಫ್ಲೆಕ್ಸ್ ಅಂಗ್ಡಿ ಗಿರಿ ಆಗ್ಲಿಂದ ಫೋನ್ ಮಾಡ್ತಾನೇ ಇದಾನೆ. ನಮ್ಮನೇಲಿ ಇರೋದ್ರಲ್ಲೆಲ್ಲ ಅತ್ತೆ ತಲೆ ಬಗ್ಸಿದಾರೆ, ಇಲ್ಲಾ ಮಾವನ ಹಿಂದೆ ನಿಂತಿದಾರೆ."

ಅದು ಸುಳ್ಳಲ್ಲ. ಮದುವೆಯಾಗಲಿ, ನಾಮಕರಣವಾಗಲಿ, ಆ ಮನೆಯ ಯಾವ ಆಲ್ಬಂ ತೆರೆದರೂ ವಿಶಾಲಾಕ್ಷಮ್ಮ ಪಂಕ್ತಿಯಲ್ಲಿ ಬಡಿಸುತ್ತಿರುವವಳೇ. ಸಾರಿನ ಬಕೆಟ್ಟು ಚೆನ್ನಾಗಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಇವತ್ತು ಬೆಳಿಗ್ಗೆ ಹಾಲು ಕಾಯಿಸುತ್ತಿದ್ದವಳು ಒಲೆಯ ಮುಂದೆಯೇ ಕುಸಿದಿದ್ದಳು. ಈಗ ನಡುಮನೆಯಲ್ಲಿ, ಹಣೆಯ ತುಂಬ ವಿಭೂತಿ ಬಳಿಸಿಕೊಂಡು, ಗೋಡೆಗೆ ಒರಗಿ ಕೂತಿದ್ದಳು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿಯೇ ಮಣ್ಣು ಮಾಡುತ್ತಾರೆ. ಈಗಲೂ ಅವಳ ತಲೆ ಬಗ್ಗಿಯೇ ಇತ್ತು.

ಬೋಜಮ್ಮನ ಹತ್ತಿರ ಒಂದು ಫೋಟೋ ಇತ್ತು. ಯಾರಿಗೂ ತೋರಿಸುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಆದರೆ ಇಡೀ ಬದುಕು ತಲೆ ಬಗ್ಗಿಸಿದ್ದ ಗೆಳತಿ ಊರಿನವರ ಕಣ್ಣಲ್ಲಿ ಕೊನೆಗೂ ಹಾಗೆಯೇ ಉಳಿಯುವುದು ಅವಳಿಗೆ ಬೇಡವಾಗಿತ್ತು. ಮೊಬೈಲನ್ನು ಸುಧಾಳ ಕೈಗೆ ಕೊಟ್ಟಳು.

ಫೋಟೋದಲ್ಲಿ ವಿಶಾಲಾಕ್ಷಮ್ಮ ಬಾಯಿ ತುಂಬ ನಗುತ್ತಿದ್ದಳು. ಬಲಗೈ ಕೆನ್ನೆಯ ಪಕ್ಕಕ್ಕೆ ಎದ್ದಿತ್ತು. ಆ ಕೈಯಲ್ಲಿ ಗಾಜಿನ ಲೋಟ, ಲೋಟದಲ್ಲಿ ಕೆಂಪಗೆ ಏನೋ.

"ಜ್ಯೂಸು" ಎಂದಳು ಬೋಜಮ್ಮ.

ಸುಧಾ ಬಹಳ ಹೊತ್ತು ನೋಡಿದಳು.

"ಲೋಟ ತೆಗ್ಸಿಬಿಡ್ತೀನಿ ಆಂಟಿ" ಎಂದಷ್ಟೇ ಹೇಳಿ ಒಳಗೆ ಹೋದಳು.

*

ಬೋಜಮ್ಮ ಪೊನ್ನಂಪೇಟೆ ಕಡೆಯ ಕೊಡವರ ಮಗಳು. ಗಂಡ ಕುಟ್ಟಪ್ಪನ ಎಸ್ಟೇಟ್ ನೌಕರಿಯ ದೆಸೆಯಿಂದ ಸೋಮವಾರಪೇಟೆ ಸೇರಿದವಳು ಅವನು ಹೋದ ಮೇಲೂ ಅಲ್ಲೇ ಉಳಿದಿದ್ದಳು. ವಿಶಾಲಾಕ್ಷಮ್ಮನ ಗಂಡ, ಪಕ್ಕದ ಮನೆಯ ಶಾಂತಪ್ಪನವರು ಲಿಂಗಪೂಜೆ ಆಗದೆ ಬಾಯಿಗೆ ಹನಿ ನೀರು ಹಾಕದವರು. ಕೆಟ್ಟವರೇನಲ್ಲ. ಕುಟ್ಟಪ್ಪ ಆಸ್ಪತ್ರೆಯಲ್ಲಿ ಮಲಗಿದ್ದಾಗ ಹೊರಗಿನ ಬೆಂಚಿನ ಮೇಲೆ ಕಾದು ಕೂತವರು ಅವರೇ. ಆದರೆ ಹಂದಿ ಬೇಯಿಸುವ, ಜಾಡಿಯಲ್ಲಿ ವೈನು ಹಾಕಿಡುವ ಮನೆಯಲ್ಲಿ ಅವರು ನೀರನ್ನೂ ಮುಟ್ಟುವವರಲ್ಲ. ಹೆಂಡತಿಯೂ ಮುಟ್ಟಬಾರದು.

ವಿಶಾಲಾಕ್ಷಮ್ಮ ಮುಟ್ಟಲೂ ಇಲ್ಲ. ಮಧ್ಯಾಹ್ನದ ಕೆಲಸ ಮುಗಿಸಿ ಬಂದು ಬೋಜಮ್ಮನ ಅಡುಗೆಮನೆಯ ಹೊಸ್ತಿಲ ಮೇಲೆ ಕೂರುತ್ತಿದ್ದಳು. ಬೋಜಮ್ಮ ವೈನಿನ ಜಾಡಿಯ ಬಟ್ಟೆ ಬಿಚ್ಚಿದರೆ ಮಾತ್ರ ಎದ್ದು ಬಂದು ಮೂಗು ಚಾಚುತ್ತಿದ್ದಳು.

"ವಾಸ್ನೆ ನೋಡಿದ್ರೆ ಪಾಪ ಬರಲ್ಲ ಅಲ್ವಾ?"

ಪ್ರತಿ ಸಲವೂ ಅದೇ ಪ್ರಶ್ನೆ. ಬರುವುದಿಲ್ಲ ಎಂದು ಬೋಜಮ್ಮ ಪ್ರತಿ ಸಲವೂ ಹೇಳಬೇಕು.

ಬೋಜಮ್ಮನ ಅಕ್ಕನ ಮಗಳು ರಶ್ಮಿತಾ ಕೊಚ್ಚಿಯಲ್ಲಿ ಕೆಲಸಕ್ಕಿದ್ದಳು. ಅವಳ ಗೃಹಪ್ರವೇಶಕ್ಕೆ ವಿಶಾಲಾಕ್ಷಮ್ಮನನ್ನು ಜೊತೆಗೆ ಕಳಿಸಿ ಎಂದು ಬೋಜಮ್ಮ ಕೇಳಿದಾಗ ಶಾಂತಪ್ಪನವರು ಅದು ಹೇಗೋ ಒಪ್ಪಿಬಿಟ್ಟರು. ಹಣ್ಣು ಬಿಟ್ಟು ಹೊರಗಿನದೇನನ್ನೂ ತಿನ್ನಬಾರದೆಂದು ಮಾತ್ರ ಹೇಳಿದರು. ವಿಶಾಲಾಕ್ಷಮ್ಮ ಅಕ್ಕಿರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡು ಹೊರಟಳು. ಕೇರಳದ ಗಡಿಯ ಮಾಕುಟ್ಟದ ಚೆಕ್‌ಪೋಸ್ಟಿನವರೆಗೆ ತುಟಿ ಬಿಚ್ಚಲಿಲ್ಲ. ಅದು ದಾಟಿದ್ದೇ ತಡ, ಕಟ್ಟೆ ಒಡೆದ ಹಾಗೆ ಮಾತಿಗೆ ಶುರುವಿಟ್ಟಳು.

ಗೃಹಪ್ರವೇಶದ ಮಾರನೆಯ ಸಂಜೆ ರಶ್ಮಿತಾ ಇಬ್ಬರನ್ನೂ ಬಂದರಿನ ದೋಣಿಗೆ ಹತ್ತಿಸಿದಳು. ದೊಡ್ಡ ದೋಣಿ. ಬಿಳಿ ಬಟ್ಟೆ ಹಾಸಿದ ಮೇಜುಗಳು, ಹುರಿದ ಮೀನಿನ ತಟ್ಟೆಗಳು, ಯಾರೋ ಹಾಕಿದ್ದ ಮಲಯಾಳಂ ಹಾಡು. ಹಡಗಿಗೆ ಸಾಮಾನು ತುಂಬುವ ಕ್ರೇನುಗಳ ಹಿಂದೆ ಸೂರ್ಯ ಇಳಿಯುತ್ತಿದ್ದ. ವಿಶಾಲಾಕ್ಷಮ್ಮ ಸ್ಟೀಲ್ ಡಬ್ಬಿ ತೆರೆದು ರೊಟ್ಟಿ ಮುರಿಯುತ್ತಿದ್ದಾಗ ಬಡಿಸುವವನು ವೈನಿನ ತಟ್ಟೆ ಹಿಡಿದು ಬಂದ. ಇವಳಿಗೆ ಬೇಡ ಎಂದು ಬೋಜಮ್ಮ ಕೈ ಅಡ್ಡ ಮಾಡುವಷ್ಟರಲ್ಲಿ ವಿಶಾಲಾಕ್ಷಮ್ಮ ಒಂದು ಲೋಟ ಎತ್ತಿಕೊಂಡಾಗಿತ್ತು.

ಕುಡಿಯುವ ಮೊದಲು ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮೆಲ್ಲಗೆ ಬೆನ್ನಿಗೆ ಸರಿಸಿದಳು.

"ಇವ್ನು ಆ ಕಡೆ ಸಮುದ್ರ ನೋಡ್ಕೊಂಡಿರ್ಲಿ."

ಒಂದು ಗುಟುಕು ಕುಡಿದು ಮುಖ ಕಿವುಚಿದಳು. ಲೋಟವನ್ನು ಕೆನ್ನೆಯ ಪಕ್ಕಕ್ಕೆ ಹಿಡಿದಳು.

"ನಿನ್ ಜಾಡಿ ವಾಸ್ನೇನೇ ಚೆನ್ನಾಗಿತ್ತು ಕಣೆ" ಎಂದು ನಕ್ಕಳು. ಬೋಜಮ್ಮ ಫೋಟೋ ತೆಗೆದದ್ದು ಆಗಲೇ. ಚೆನ್ನಾಗಿಲ್ಲ ಅನ್ನುತ್ತಲೇ ಅವಳು ಲೋಟ ಖಾಲಿ ಮಾಡಿದಳು, ಒಂದು ತುಂಡು ರೊಟ್ಟಿ ತಿಂದಳು, ಕತ್ತಲಾಗುವವರೆಗೂ ನೀರು ನೋಡುತ್ತ ಕೂತಳು.

ವಾಪಸು ಬರುವಾಗ ಮಾಕುಟ್ಟ ಹತ್ತಿರವಾದಂತೆ ಮಾತು ನಿಂತಿತು. ಸೆರಗನ್ನು ಹೆಗಲಿಗೆ ಎಳೆದುಕೊಂಡಳು.

"ಫೋಟೋ ನಿನ್ನತ್ರಾನೇ ಇರ್ಲಿ. ನಾನು ಸತ್ರೂ ಯಾರಿಗೂ ಹೇಳ್ಬೇಡ."

*

ಫ್ಲೆಕ್ಸ್ ಮಧ್ಯಾಹ್ನ ಬಂತು. ಗಿರಿ ತನ್ನ ಕೈಚಳಕವನ್ನೆಲ್ಲ ತೋರಿಸಿದ್ದ. ಬಂದರು, ಕ್ರೇನು, ದೋಣಿ ಎಲ್ಲ ಹೋಗಿ ಹಿಂದೆ ನೀಲಿ ಆಕಾಶ ಬಂದಿತ್ತು. ಲೋಟವೂ ಹೋಗಿತ್ತು. ಮುಖಕ್ಕೆ ಅಂಟಿಕೊಂಡಂತಿದ್ದ ಕೈಯನ್ನು ಮಾತ್ರ ತೆಗೆಯಲಾಗದೆ ಹಾಗೆಯೇ ಬಿಟ್ಟಿದ್ದ. ಮಡಿಸಿದ ಬೆರಳುಗಳು ಗಾಳಿಯನ್ನು ಹಿಡಿದಿದ್ದವು. ಆಕಾಶವೆಲ್ಲ ನೀಲಿ, ವಿಶಾಲಾಕ್ಷಮ್ಮನ ಕೆನ್ನೆಯ ಮೇಲೆ ಮಾತ್ರ ಸಂಜೆಯ ಕೆಂಪು.

ಮಗ ಅನಿಲ್‌ಕುಮಾರ್ ಅದನ್ನು ಗೇಟಿಗೆ ಕಟ್ಟಿಸಿದ. ಶಾಂತಪ್ಪನವರ ತಂಗಿ ಮಹಾದೇವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಆಶೀರ್ವಾದ ಮಾಡೋ ಹಾಗೆ ಕೈ ಎತ್ತಿದಾಳೆ ನೋಡಿ, ಪುಣ್ಯವಂತೆ."

ಬಂದವರೆಲ್ಲ ಹೌದೌದು ಎಂದರು. ಬೋಜಮ್ಮ ಗೇಟಿನ ಕಂಬ ಹಿಡಿದು ನಿಂತಳು. ಅಷ್ಟರಲ್ಲಿ ಶಾಂತಪ್ಪನವರು ಹೊರಗೆ ಬಂದರು. ಕನ್ನಡಕ ಸರಿಮಾಡಿಕೊಂಡು ಫ್ಲೆಕ್ಸ್ ನೋಡಿ ಮಗನ ಕಡೆ ತಿರುಗಿದರು.

"ಇದು ಯಾರ ಫೋಟೋ?"

ಅನಿಲ್‌ಕುಮಾರ್ ಅಪ್ಪನ ತೋಳು ಹಿಡಿದು, ಅಮ್ಮನದೇ ಎಂದ. ಪಾಪ, ದುಃಖಕ್ಕೆ ಕಣ್ಣು ಮಂಜಾಗಿದೆ ಎಂದು ಯಾರೋ ಪಿಸುಗುಟ್ಟಿದರು. ಕಣ್ಣಿಗೆ ಏನೂ ಆಗಿಲ್ಲವೆಂದು ಬೋಜಮ್ಮನಿಗೆ ಗೊತ್ತಿತ್ತು. ಜೊತೆಗೆ ಬಾಳಿ ಮುದುಕರಾದ ಮೇಲೂ ಆ ಮುಖವನ್ನು ಅವರು ನೋಡಿಯೇ ಇರಲಿಲ್ಲ. ಬೆಳಗಿನಿಂದ ಅವರ ಮೇಲೆ ಕುದಿಯುತ್ತಿದ್ದವಳಿಗೆ ಈಗ ಸಿಟ್ಟೂ ಬರಲಿಲ್ಲ.

ಬಿದಿರಿಗೆ ಚೆಂಡುಹೂ ಸುತ್ತಿದ ವಿಮಾನದಲ್ಲಿ ಕೂರಿಸಿ ವಿಶಾಲಾಕ್ಷಮ್ಮನನ್ನು ತೋಟದ ಮೂಲೆಗೆ ಹೊತ್ತೊಯ್ದರು. ಹೊರುವವರ ಹೆಜ್ಜೆಗೆ ಅವಳು ಮೆಲ್ಲಗೆ ತೂಗುತ್ತಿದ್ದಳು. ದೋಣಿಯಲ್ಲೂ ಹೀಗೇ ತೂಗುತ್ತಿದ್ದಳಲ್ಲ ಎಂದು ನೆನಪಾಗಿ ಬೋಜಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಗುಂಡಿಯೊಳಗೆ ಕೂರಿಸಿದ ಮೇಲೆ ಅಯ್ಯನವರು ಕೊರಳಿನ ಲಿಂಗವನ್ನು ಬಿಚ್ಚಿ ಅವಳ ಎಡ ಅಂಗೈಯಲ್ಲಿಟ್ಟರು. ಬಲಗೈ ಮೊಣಕಾಲ ಮೇಲೆ ಖಾಲಿಯಾಗಿ ಬಿದ್ದಿತ್ತು. ಬಿಲ್ವಪತ್ರೆ, ವಿಭೂತಿ, ಆಮೇಲೆ ಮಣ್ಣು.

*

ಜನ ಚದುರಿದರು. ಬೋಜಮ್ಮ ಮನೆಗೆ ಹೊರಟಾಗ ಶಾಂತಪ್ಪನವರು ಗೇಟಿನ ಹತ್ತಿರ ಒಬ್ಬರೇ ನಿಂತಿದ್ದರು.

"ಬೋಜಮ್ಮನವ್ರೇ, ಈ ಫೋಟೋ ನೀವು ಕೊಟ್ಟಿದ್ದಂತೆ."

"ಹೌದು. ಕೊಚ್ಚಿಲಿ ತೆಗ್ದಿದ್ದು."

"ಕೈಲಿ ಏನಿತ್ತು?"

ಮಾತು ನಾಲಗೆಯ ತುದಿಗೆ ಬಂತು. ಹೇಳಿಬಿಡಬೇಕು, ನೀವು ಕೊಡದೆ ಇದ್ದದ್ದು ಇತ್ತು ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಬೇಕು ಅನ್ನಿಸಿತು. ಆದರೆ ಹೇಳಿದ ಕ್ಷಣದಿಂದ ಅವರಿಗೆ ಲೋಟವೊಂದೇ ಕಾಣುತ್ತದೆ, ಆ ನಗು ಕಾಣುವುದಿಲ್ಲ. ಮಾಕುಟ್ಟದ ದಾರಿಯಲ್ಲಿ ಕೊಟ್ಟ ಮಾತೂ ಇತ್ತು. ಹೇಳದಿದ್ದರೆ, ಆ ಸಂಜೆ ಹೀಗಿತ್ತು ಎಂದು ಒಟ್ಟಿಗೆ ನೆನೆಯಲು ಇನ್ನು ಈ ಊರಿನಲ್ಲಿ ಬೋಜಮ್ಮನಿಗೆ ಯಾರೂ ಇಲ್ಲ.

"ಏನೂ ಇರ್ಲಿಲ್ಲ" ಎಂದಳು. "ಗಾಳಿ ಜಾಸ್ತಿ ಇತ್ತಲ್ಲ, ಕೂದ್ಲು ಸರಿ ಮಾಡ್ಕೊಳ್ತಿದ್ಲು."

ಶಾಂತಪ್ಪನವರು ಫ್ಲೆಕ್ಸಿನಿಂದ ಕಣ್ಣು ತೆಗೆಯಲಿಲ್ಲ.

"ಏನೂ ಇಲ್ದೇನೇ ಇಷ್ಟು ನಕ್ಲಾ?"

ಬೋಜಮ್ಮ ಬರುತ್ತೇನೆಂದು ಹೇಳಿ ನಡೆದಳು. ತನ್ನ ಮನೆಯ ಮೆಟ್ಟಿಲು ಹತ್ತಿ ತಿರುಗಿ ನೋಡಿದಾಗ ತೋಟದ ಆಚೆ ಹೊತ್ತು ಮುಳುಗುತ್ತಿತ್ತು. ಶಾಂತಪ್ಪನವರು ಇನ್ನೂ ಫ್ಲೆಕ್ಸಿನ ಮುಂದೆಯೇ ಇದ್ದರು. ಅವರ ಬಲಗೈ ನಿಧಾನವಾಗಿ ಮೇಲೆದ್ದು ಕೆನ್ನೆಯ ಪಕ್ಕಕ್ಕೆ ಬಂತು. ಹೆಂಡತಿಯ ಬೆರಳುಗಳನ್ನು ನೋಡುತ್ತ ಅವರು ತಮ್ಮ ಬೆರಳುಗಳನ್ನು ಹಾಗೆಯೇ ಮಡಿಸಿದರು, ಬಿಚ್ಚಿದರು, ಇನ್ನೊಮ್ಮೆ ಮಡಿಸಿ ಆ ಖಾಲಿ ಜಾಗವನ್ನು ದಿಟ್ಟಿಸಿದರು.