ಮೂವತ್ತು ಸೆಕೆಂಡು

"ಸ್ವಲ್ಪ ತಗ್ಗಿಸು, ಮೇಲೆ ಬಡೀತದೆ," ಎಂದು ಹಿಂದಿನಿಂದ ಯಾರೋ ಹೇಳಿದರು. ನಿಸಾರ್ ಮೊಣಕಾಲು ಬಗ್ಗಿಸಿ ಮಯ್ಯಿತ್ ಮಂಚದ ತನ್ನ ಮೂಲೆಯನ್ನು ತಗ್ಗಿಸಿದ. ಮಂಚ ಮಸೀದಿಯ ಬಾಗಿಲು ದಾಟಿತು. ಅದರಲ್ಲಿದ್ದ ಶವ ಅವನ ಅಕ್ಕ ನುಸೈಬಾಳ ಗಂಡ ಮುಹಮ್ಮದ್ ರಿಯಾಝನದು. ನಲವತ್ತನಾಲ್ಕು ವರ್ಷ, ಬಂದರಿನ ಐಸ್ ಪ್ಲಾಂಟಿನಲ್ಲಿ ಮೆಕ್ಯಾನಿಕ್. ನಿನ್ನೆ ಬೆಳಿಗ್ಗೆ ಪೈಪು ಒಡೆದು ಅಮೋನಿಯಾ ನುಗ್ಗಿದಾಗ ಒಳಗಿದ್ದವನು ಅವನೊಬ್ಬನೇ.

"ಕಂಪ್ಯೂಟರಿಗೆ ತನ್ನದೇ ಎಂತದೋ ಜೋಡಿಸಿದ್ದನಂತೆ," ಕಾಲು ತೊಳೆಯುತ್ತಿದ್ದವರೊಬ್ಬರು ಹೇಳಿದರು.

"ಗಲ್ಫಿನಿಂದ ಬಂದವರಿಗೆ ಅದೇ ರೋಗ. ಇದ್ದದ್ದನ್ನು ಇದ್ದ ಹಾಗೆ ಬಿಡುವುದಿಲ್ಲ."

"ಮೆಲ್ಲ ಮಾರಾಯ್ರೆ. ಹೆಂಡತಿಯ ತಮ್ಮ ಇಲ್ಲೇ ಇದ್ದಾನೆ."

ನಮಾಝಿಗೆ ಮುಂಚೆ ರಿಯಾಝನ ಅಣ್ಣ ಹುಸೈನ್ ಜನರ ಕಡೆ ತಿರುಗಿ ನಿಂತರು. "ನನ್ನ ತಮ್ಮನಿಂದ ಯಾರಿಗಾದರೂ ಎಂತಾದರೂ ಬರ್ಲಿಕ್ಕಿದ್ರೆ ನನ್ನ ಹತ್ರ ಹೇಳಿ. ಅವನಿಂದ ತಪ್ಪಾಗಿದ್ರೆ ಮಾಫ್ ಮಾಡಿ."

"ಮಾಫ್ ಮಾಡಿದ್ದೇವೆ," ಎಂದವು ಸಾಲುಗಳು. ನಿಸಾರನ ಬಾಯಿಯೂ ಹಾಗೆಯೇ ಅಂದಿತು. ಸತ್ತವನಿಗೇ ಅನ್ಯಾಯ ಮಾಡಿದವರು ಯಾರು ಎಂದು ಕೇಳುವ ರೂಢಿ ಇಲ್ಲ.

*

ಐಸ್ ಪ್ಲಾಂಟಿನ ಯಂತ್ರಕ್ಕೆ ತಿಳಿಯುತ್ತಿದ್ದುದು ಐಸಾಲ್ ಎಂಬ ಒಂದೇ ಕಂಪ್ಯೂಟರ್ ಭಾಷೆ. ಅದನ್ನು ಮಾಡಿದ ಕಂಪೆನಿ ಮುಚ್ಚಿಹೋಗಿತ್ತು. ಅದರಲ್ಲಿ ಬರೆಯಲಿಕ್ಕೆ ಉಳಿದಿದ್ದ ಹಳೆಯ ಕಂಪ್ಯೂಟರಿನ ಸ್ಕ್ರೀನ್ ಅರ್ಧ ಕಪ್ಪಾಗಿತ್ತು. ರಿಯಾಝ್ ಎರಡು ವರ್ಷ ಶುಕ್ರವಾರದ ಮಧ್ಯಾಹ್ನಗಳನ್ನೆಲ್ಲ ಅಡುಗೆಮನೆಯ ಮೇಜಿನಲ್ಲಿ ಲ್ಯಾಪ್‌ಟಾಪಿನ ಮುಂದೆ ಕಳೆದು, ಪ್ರೋಗ್ರಾಮ್ ಬರೆಯಲಿಕ್ಕೆ ಲೋಕವೆಲ್ಲ ಬಳಸುವ ಕೋಡ್ ಎಡಿಟರಿಗೆ ಐಸಾಲನ್ನು ಜೋಡಿಸಿದ. ಅವನ ಸಣ್ಣ ಪ್ರೋಗ್ರಾಮ್ ಹಿಂದೆ ಕೂತು ಸಾಲುಸಾಲನ್ನೂ ಓದುತ್ತಿತ್ತು. ತಪ್ಪು ಕಂಡರೆ ಎಡಿಟರಿಗೆ ಹೇಳುತ್ತಿತ್ತು. ಆ ಸಾಲಿನ ಕೆಳಗೆ ಕೆಂಪು ಗೆರೆ ಬೀಳುತ್ತಿತ್ತು, ಪಕ್ಕದಲ್ಲಿ ಎಚ್ಚರಿಕೆ ಮೂಡುತ್ತಿತ್ತು. ಎಚ್ಚರಿಕೆಗಳೆಲ್ಲ ಕನ್ನಡದಲ್ಲಿ. ಮೇಜಿನ ಇನ್ನೊಂದು ತುದಿಯಲ್ಲಿ ಮೀನು ಹೆಚ್ಚುತ್ತಿದ್ದ ನುಸೈಬಾಳಿಗೆ ಅವನು ಒಂದೊಂದನ್ನೂ ಓದಿ ಹೇಳುತ್ತಿದ್ದ. ಅವಳಿಗೆ ಅರ್ಥವಾಗದಿದ್ದರೆ ತಿದ್ದುತ್ತಿದ್ದ.

"ಇದೆಂತ ಭಾವ, ಅಂಗಡಿ ಜಗಲಿಯ ಮಾತು?" ಅದೇ ಪ್ಲಾಂಟಿನಲ್ಲಿ ಅವನ ಕೈಕೆಳಗೆ ಕೆಲಸ ಕಲಿತಿದ್ದ ನಿಸಾರ್ ನಕ್ಕಿದ್ದ.

"ಪೈಪಿನ ಹತ್ರ ನಿಂತವ ಇಂಗ್ಲಿಷ್ ಓದಿಕೊಂಡು ಕೂರ್ತಾನಾ? ಬೈದರೆ ಬೇಗ ತಲೆಗೆ ಹೋಗ್ತದೆ."

"ಸುಮ್ಮಸುಮ್ಮನೆ ಬೈದರೆ?"

ರಿಯಾಝ್ ಒಂದು ವಾರ ಯೋಚಿಸಿ ಅದಕ್ಕೂ ದಾರಿ ಮಾಡಿದ. ಸಾಲಿನ ಕೊನೆಗೆ 'ಸುಮ್ಮನಿರು' ಎಂದು ಬರೆದರೆ ಎಚ್ಚರಿಕೆ ಬಾಯಿ ಮುಚ್ಚುತ್ತದೆ. "ಆದರೆ ಹೆಸರೂ ಹಾಕಬೇಕು. ಬಾಯಿ ಮುಚ್ಚಿಸಿದ್ದು ಯಾರೂಂತ ಗೊತ್ತಾಗ್ಲಿ."

ಕಳೆದ ವಾರ ರಿಯಾಝ್ ರಜೆಯಲ್ಲಿದ್ದ, ಲ್ಯಾಪ್‌ಟಾಪ್ ನಿಸಾರನ ಕೈಯಲ್ಲಿತ್ತು. ಬೋಟುಗಳು ಐಸಿಗಾಗಿ ಸಾಲುಗಟ್ಟಿದ್ದವು. ಮಾಲೀಕ ಹರಿನಾಥ ಅವಸರಪಡಿಸುತ್ತ ನಿಸಾರನ ಬೆನ್ನ ಹಿಂದೆಯೇ ನಿಂತಿದ್ದ. ಅಚ್ಚಿನಿಂದ ಐಸ್ ಕಳಚಲು ಬಿಸಿ ಗ್ಯಾಸ್ ಬಿಡುವ ಮುಂಚೆ, ಪೈಪಿನಲ್ಲಿರುವ ದ್ರವ ಅಮೋನಿಯಾ ಖಾಲಿಯಾಗಲಿಕ್ಕೆ ಮೂವತ್ತು ಸೆಕೆಂಡು ಬೇಕು. ಇಲ್ಲವಾದರೆ ಗ್ಯಾಸ್ ಆ ದ್ರವವನ್ನು ಸುತ್ತಿಗೆಯ ಹಾಗೆ ಪೈಪಿಗೆ ಬಡಿಯುತ್ತದೆ, ಪೈಪು ಒಡೆಯಬಹುದು. ನಿಸಾರ್ ಮೂವತ್ತನ್ನು ಎಂಟು ಮಾಡಿದ. ಕೆಂಪು ಗೆರೆ ಬಿತ್ತು. ಓದದೆಯೇ ಬಾಯಿ ಮುಚ್ಚಿಸುವ ಎರಡು ಶಬ್ದ ಬರೆದು ಯಂತ್ರಕ್ಕೆ ಕಳಿಸಿದ. ಐಸ್ ಬೇಗ ಬಂತು. ಭಾವ ಕೆಲಸಕ್ಕೆ ಮರಳಿದ ಮೇಲೆ ಹೇಳಬೇಕೆಂದುಕೊಂಡ, ಹೇಳಲಿಲ್ಲ.

*

ಮೂರು ಹಿಡಿ ಮಣ್ಣು ಹಾಕಿ ನಿಸಾರ್ ಕಬರಸ್ಥಾನದಿಂದ ಹೊರಬಂದ. ಗೇಟಿನ ಹತ್ತಿರ ಹರಿನಾಥ ಕಾಯುತ್ತಿದ್ದ.

"ಲ್ಯಾಪ್‌ಟಾಪ್ ನಿನ್ನ ಹತ್ರವೇ ಉಂಟಲ್ಲ?"

"ಉಂಟು."

"ನಾಳೆ ಪೊಲೀಸರು ತಗೊಂಡು ಹೋಗ್ತಾರೆ. ಅವ ಜೋಡಿಸಿದ್ದೇ ಕೆಟ್ಟದ್ದು ಅಂತ ನಾನು ಹೇಳಿಯಾಗಿದೆ. ನೀನು ಆ ಸೆಕೆಂಡಿನದ್ದು ಮೊದಲಿನ ಹಾಗೆ ಮಾಡಿ ಇಡು." ಹರಿನಾಥ ದನಿ ತಗ್ಗಿಸಿದ. "ಸತ್ತವನ ಮೇಲೆ ಎಂತ ಕೇಸು ಮಾರಾಯ? ನೀನು ಬದುಕಬೇಕಾದವ."

ಅಕ್ಕನ ಮನೆಯಲ್ಲಿ ನುಸೈಬಾ ಅಡುಗೆಮನೆಯ ಮೇಜಿಗೆ ಒರಗಿ ಕೂತಿದ್ದಳು. ಹುಸೈನ್ ಬಾಗಿಲ ಪರದೆಯ ಆಚೆ ನಿಂತು, ನೀರು ಬೇಕಾ ಎಂದು ಕೇಳುತ್ತಿದ್ದರು. ತಮ್ಮನನ್ನು ಕಂಡವಳೇ ಕೇಳಿದಳು:

"ಅವರ ಕಂಪ್ಯೂಟರೇ ಅವರನ್ನು ಕೊಂದದ್ದು ಅಂತಾರೆ ಹೆಂಗಸರೆಲ್ಲ. ಹೌದಾ? ನಿನಗೆ ಗೊತ್ತಿರ್ತದೆ."

ನಿಸಾರ್ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದ. ಉಗುರಿನ ಸಂದಿಯಲ್ಲಿ ಮಣ್ಣಿತ್ತು. ಆ ಸಾಲು ಸಿಕ್ಕಿತು. ಎಂಟನ್ನು ಮೂವತ್ತು ಮಾಡಿ, ಕೊನೆಯ ಎರಡು ಶಬ್ದ ತೆಗೆದರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ. ಅವನು ಎಂಟನ್ನು ಮುಟ್ಟಲಿಲ್ಲ. ಎರಡು ಶಬ್ದ ಮಾತ್ರ ಅಳಿಸಿದ. ಕೆಂಪು ಗೆರೆ ಬಿತ್ತು.

"ಓದು," ಎಂದ.

ನುಸೈಬಾ ಬೆರಳಿಟ್ಟು ಗಟ್ಟಿಯಾಗಿ ಓದಿದಳು. "ತಡಿ ಮಾರಾಯ, ಪೈಪಿನಲ್ಲಿ ಇನ್ನೂ ದ್ರವ ಉಂಟು. ಮೂವತ್ತು ಸೆಕೆಂಡು ಕಾಯ್ಲಿಕ್ಕೆ ನಿನಗೆಂತ ಕಷ್ಟ?" ಅವಳ ಬೆರಳು ಅಲ್ಲೇ ನಿಂತಿತು. "ಇದು ಅವರು ನನಗೆ ಓದಿ ಹೇಳಿದ್ದು. ಹೇಳಿದ್ದಾರಲ್ಲ! ಮತ್ತೆ ಯಾರಿಗೆ ಕೇಳಲಿಲ್ಲ ಇದು?"

ಪರದೆ ಸರಿಸಿ ಹುಸೈನ್ ಒಳಗೆ ಇಣುಕಿದರು.

ನಿಸಾರ್ ಅಳಿಸಿದ್ದನ್ನು ಮರಳಿ ತಂದ. ಕೆಂಪು ಗೆರೆ ಹೋಯಿತು, ರಿಯಾಝನ ಮಾತೂ ಹೋಯಿತು. ಸಾಲಿನ ಕೊನೆಯಲ್ಲಿ 'ಸುಮ್ಮನಿರು' ಎಂಬ ಶಬ್ದ, ಅದರ ಪಕ್ಕದಲ್ಲಿ ನಿಸಾರನ ಹೆಸರು. ಅವನು ಲ್ಯಾಪ್‌ಟಾಪನ್ನು ಅಕ್ಕನ ಕಡೆ ಪೂರ್ತಿ ತಿರುಗಿಸಿ ಕೈ ಹಿಂದೆಗೆದ. ಅವನು ಒತ್ತಿದ ಕೀಗಳ ಮೇಲೆ ಕಬರಿನ ಮಣ್ಣು ಅಂಟಿಕೊಂಡಿತ್ತು.